ಹೆಸರಿಲ್ಲದವನ ಮಾತು

ಮೇಲೆ ತಟ್ಟೆ ಇಟ್ಟರೆ ಅಲುಗದೆ ನಿಲ್ಲುವಂಥ ಚಪ್ಪಟೆ ತಲೆ, ಹಣೆಯ ಮೇಲೆ ಹೊಲಿಗೆ ಹಾಕಿದ ಗಾಯ, ಕತ್ತಿನ ಎರಡು ಪಕ್ಕಕ್ಕೂ ಕಬ್ಬಿಣದ ಗೂಟ, ಭಾರವಾಗಿ ಅರೆಮುಚ್ಚಿದ ರೆಪ್ಪೆ, ಮುಂಗೈಗೆ ಸಾಲದ ಕರಿಯ ಕೋಟು. ಈ ರೂಪವನ್ನು ಎಲ್ಲಿಯೂ ಕಾಣದವರು ಇಂದು ಅಪೂರ್ವ. ಮಕ್ಕಳ ಪುಸ್ತಕಗಳ ರಟ್ಟಿನ ಮೇಲೆ, ಆಟದ ಸಾಮಾನಿನ ಅಂಗಡಿಗಳಲ್ಲಿ, ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಅದು ಬಂದು ಹೋಗುತ್ತಲೇ ಇರುತ್ತದೆ. ಇವನು ಯಾರೆಂದು ಕೇಳಿದರೆ ‘ಫ್ರಾಂಕನ್‌ಸ್ಟೈನ್’ ಎಂಬ ಉತ್ತರ ಬರುತ್ತದೆ. ಉತ್ತರ ತಪ್ಪು. ಫ್ರಾಂಕನ್‌ಸ್ಟೈನ್ ಎಂಬುದು ಇವನನ್ನು ಮಾಡಿದ ವಿಜ್ಞಾನಿಯ ಹೆಸರು. ಇವನಿಗೆ ಹೆಸರೇ ಇಲ್ಲ. ತಂದೆಯ ಸ್ಥಾನದಲ್ಲಿದ್ದವನು ನಾಮಕರಣವನ್ನೂ ಮಾಡದೆ ಓಡಿಹೋದನು. ಲೋಕವು ತಂದೆಯ ಹೆಸರನ್ನೇ ಮಗನಿಗೆ ಹಚ್ಚಿಬಿಟ್ಟಿತು.

ನಮಗೆ ಪರಿಚಿತವಾದ ಈ ಮುಖ ಹುಟ್ಟಿದ್ದು ೧೯೩೧ರಲ್ಲಿ, ಅಮೆರಿಕದ ಯೂನಿವರ್ಸಲ್ ಸಂಸ್ಥೆಯವರು ತಯಾರಿಸಿದ ‘ಫ್ರಾಂಕನ್‌ಸ್ಟೈನ್’ ಎಂಬ ಚಲಚ್ಚಿತ್ರದಲ್ಲಿ. ಕಥೆಯಾದರೋ ಅದಕ್ಕಿಂತ ನೂರು ವರ್ಷಕ್ಕೂ ಹಿಂದಿನದು. ಮೇರಿ ಷೆಲ್ಲಿ ಎಂಬ ಇಂಗ್ಲಿಷ್ ಲೇಖಕಿಯ ಕಾದಂಬರಿ. ಮೂಲಕ್ಕೂ ಚಿತ್ರಕ್ಕೂ ವ್ಯತ್ಯಾಸಗಳು ಹಲವಾರು ಇವೆ. ಅವುಗಳಲ್ಲಿ ಮುಖ್ಯವೆಂದು ನನಗೆ ತೋರುವುದು ಒಂದು: ಕಾದಂಬರಿಯವನು ಮಾತನಾಡುತ್ತಾನೆ, ಚಿತ್ರದವನು ಮೂಕ. ಭಾಷೆಯ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ಸಣ್ಣ ವ್ಯತ್ಯಾಸವಾಗಿ ಕಾಣುವುದಿಲ್ಲ. ಆ ಮಾತು ಎಲ್ಲಿಂದ ಬಂತು, ಎಲ್ಲಿ ಕಳೆದುಹೋಯಿತು, ಮರಳಿ ಬಂತೇ ಇಲ್ಲವೇ ಎಂಬುದೇ ಈ ಲೇಖನದ ವಿಷಯ.

ಮೊದಲು ಇವನನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ರಾಕ್ಷಸ ಎನ್ನುವಂತಿಲ್ಲ. ನಮ್ಮ ರಾಕ್ಷಸರಿಗೆ ಕುಲವುಂಟು, ತಾಯಿತಂದೆಯರುಂಟು, ಕೆಲವರಿಗೆ ವೇದಾಧ್ಯಯನವೂ ಉಂಟು. ಭೂತವೆಂದರೆ ಸತ್ತವರ ಪ್ರೇತ, ಇಲ್ಲವೆ ಕರಾವಳಿಯಲ್ಲಿ ಕೋಲ ಕಟ್ಟಿಸಿಕೊಳ್ಳುವ ದೈವ. ಬೇತಾಳ ಕೊಂಚ ಹತ್ತಿರದವನು. ಆದರೆ ಹೆಣದೊಳಕ್ಕೆ ಹೊಕ್ಕು ಕಥೆ ಹೇಳುವ ಬೇತಾಳನಿಗೆ ತಾನು ಯಾರೆಂಬುದು ಚೆನ್ನಾಗಿ ಗೊತ್ತು. ಇವನಿಗೆ ಅದೂ ಗೊತ್ತಿಲ್ಲ. ಆದ್ದರಿಂದ ಸುಮ್ಮನೆ ‘ಜೀವಿ’ ಎಂದು ಕರೆದು ಮುಂದುವರಿಯುತ್ತೇನೆ.

ಮೇರಿ ಹುಟ್ಟಿದ್ದು ೧೭೯೭ರ ಆಗಸ್ಟ್ ೩೦ರಂದು. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಸ್ತ್ರೀಯರ ಹಕ್ಕುಗಳನ್ನು ಕುರಿತು ಬರೆದು ಹೆಸರಾದಾಕೆ; ಮಗಳನ್ನು ಹೆತ್ತ ಹತ್ತು ಹನ್ನೊಂದು ದಿನಗಳಲ್ಲಿ ಬಾಣಂತಿ ಜ್ವರದಿಂದ ತೀರಿಕೊಂಡಳು. ಮಗಳು ಹದಿನೇಳು ವರ್ಷದವಳಾಗಿದ್ದಾಗ, ೧೮೧೫ರ ಫೆಬ್ರವರಿಯಲ್ಲಿ, ತಾನೂ ಒಂದು ಹೆಣ್ಣುಕೂಸನ್ನು ಹೆತ್ತಳು. ದಿನ ತುಂಬದೆ ಹುಟ್ಟಿದ ಆ ಕೂಸು ಹೆಸರಿಡುವ ಮೊದಲೇ ಸತ್ತಿತು. ಮಾರ್ಚಿಯ ದಿನಚರಿಯಲ್ಲಿ ಆಕೆ ಒಂದು ಕನಸನ್ನು ಬರೆದಿಟ್ಟಿದ್ದಾಳೆ: ಕೂಸು ಸತ್ತಿರಲಿಲ್ಲ, ಚಳಿಗೆ ಮೈ ತಣ್ಣಗಾಗಿತ್ತು ಅಷ್ಟೆ, ಬೆಂಕಿಯ ಮುಂದೆ ಹಿಡಿದು ಉಜ್ಜಿದೆವು, ಜೀವ ಬಂತು. ಎದ್ದು ನೋಡಿದರೆ ಕೂಸಿಲ್ಲ. ಸತ್ತ ದೇಹಕ್ಕೆ ಜೀವ ತರುವ ಕಥೆಯನ್ನು ಬರೆದವಳು ಇಂಥವಳು ಎಂಬುದನ್ನು ನೆನಪಿಡಬೇಕು.

ಕಾದಂಬರಿ ಮೊಳೆತದ್ದು ಮರುವರ್ಷದ ಬೇಸಿಗೆಯಲ್ಲಿ. ೧೮೧೫ರ ಏಪ್ರಿಲ್‌ನಲ್ಲಿ ಜಾವಾದ ಪೂರ್ವಕ್ಕಿರುವ ಸುಂಬಾವಾ ದ್ವೀಪದ ತಂಬೋರಾ ಎಂಬ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಆಕಾಶಕ್ಕೇರಿ ಸೂರ್ಯನ ಶಾಖವನ್ನು ತಡೆದುದರಿಂದ ೧೮೧೬ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯಲ್ಲಿ ಕವಿ ಬೈರನ್, ಆತನ ವೈದ್ಯ ಪಾಲಿಡೋರಿ, ಕವಿ ಷೆಲ್ಲಿ, ಮೇರಿ, ಆಕೆಯ ಮಲತಂಗಿ ಕ್ಲೇರ್ ಇವರೆಲ್ಲ ಮಳೆಗೆ ಅಂಜಿ ಮನೆಯೊಳಗೇ ಕುಳಿತು ದೆವ್ವದ ಕಥೆಗಳನ್ನು ಓದುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ಕಥೆ ಕಟ್ಟೋಣ ಎಂದು ಬೈರನ್ ಸೂಚಿಸಿದನು. ಅಲ್ಲಿ ಹುಟ್ಟಿದ್ದು ಈ ಕಥೆ. ಪಾಲಿಡೋರಿ ಅದೇ ನೆವದಲ್ಲಿ ರಕ್ತ ಹೀರುವ ಪಿಶಾಚಿಯ ಕಥೆಯೊಂದನ್ನು ಬರೆದನು; ಅದು ೧೮೧೯ರಲ್ಲಿ ಪ್ರಕಟವಾಯಿತು. ಒಂದು ಕೆಟ್ಟ ಮಳೆಗಾಲ ಲೋಕಕ್ಕೆ ಎರಡು ಭಯಗಳನ್ನು ಕೊಟ್ಟಿತು.

ಆ ಕಾಲದ ವಿಜ್ಞಾನವೂ ಕಥೆಗೆ ಒದಗಿ ಬಂತು. ಇಟಲಿಯ ಗ್ಯಾಲ್ವಾನಿಯು ಸತ್ತ ಕಪ್ಪೆಯ ಕಾಲು ವಿದ್ಯುತ್ತು ತಾಗಿದೊಡನೆ ಮಿಡಿಯುವುದನ್ನು ಕಂಡು ೧೭೯೧ರಲ್ಲಿ ಪ್ರಕಟಿಸಿದ್ದನು. ಆತನ ಸೋದರಿಯ ಮಗ ಆಲ್ಡಿನಿಯು ೧೮೦೩ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದ ಖೈದಿಯೊಬ್ಬನ ಹೆಣಕ್ಕೆ ವಿದ್ಯುತ್ತು ಹಾಯಿಸಿದಾಗ ದವಡೆ ನಡುಗಿತು, ಒಂದು ಕಣ್ಣು ತೆರೆಯಿತು. ನೋಡಿದವರಿಗೆ, ಇನ್ನೊಂದು ಹೆಜ್ಜೆ ಮುಂದಿಟ್ಟರೆ ಹೆಣ ಎದ್ದು ಕುಳಿತೀತು ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಆ ಹೆಜ್ಜೆಯನ್ನು ಮೇರಿ ಕಲ್ಪನೆಯಲ್ಲಿ ಇಟ್ಟಳು. ೧೮೧೮ರ ಜನವರಿ ೧ರಂದು ಪುಸ್ತಕ ಹೊರಬಂದಾಗ ಅದರ ಮೇಲೆ ಲೇಖಕಿಯ ಹೆಸರಿರಲಿಲ್ಲ. ಅಚ್ಚಾದದ್ದು ೫೦೦ ಪ್ರತಿ. ಬರೆದವಳಿಗೆ ಇಪ್ಪತ್ತು ವರ್ಷ.

ಹೆಣಕ್ಕೆ ಜೀವ ಕೊಟ್ಟು ಕೆಟ್ಟವರ ಕಥೆ ನಮಗೆ ಹೊಸದಲ್ಲ. ಪಂಚತಂತ್ರದಲ್ಲಿ ನಾಲ್ವರು ಬ್ರಾಹ್ಮಣ ಗೆಳೆಯರು ಕಾಡಿನಲ್ಲಿ ಸತ್ತ ಸಿಂಹವೊಂದರ ಎಲುಬುಗಳನ್ನು ಕಾಣುತ್ತಾರೆ. ಒಬ್ಬ ಎಲುಬು ಜೋಡಿಸುತ್ತಾನೆ, ಇನ್ನೊಬ್ಬ ರಕ್ತಮಾಂಸ ಚರ್ಮಗಳನ್ನು ತುಂಬುತ್ತಾನೆ, ಮೂರನೆಯವನು ಜೀವ ಕೊಡುತ್ತಾನೆ. ವಿದ್ಯೆಯಿಲ್ಲದ, ಬುದ್ಧಿಯುಳ್ಳ ನಾಲ್ಕನೆಯವನು ಮೊದಲೇ ಮರ ಹತ್ತಿ ಕುಳಿತಿದ್ದು ಬದುಕಿಕೊಳ್ಳುತ್ತಾನೆ. ಮೇರಿಯ ಕಥೆಯನ್ನು ಈ ಸಿಂಹದ ಕಥೆಯ ಪಾಶ್ಚಾತ್ಯ ರೂಪವೆಂದು ಹೇಳಿ ಕೈತೊಳೆದುಕೊಳ್ಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಪಂಚತಂತ್ರದಲ್ಲಿ ಸಿಂಹವನ್ನು ಯಾರೂ ಏನೂ ಕೇಳುವುದಿಲ್ಲ. ಅದು ತಿನ್ನುತ್ತದೆ, ಕಥೆ ಮುಗಿಯುತ್ತದೆ. ಮೇರಿಯ ಕಾದಂಬರಿಯ ನಟ್ಟನಡುವೆ ಸಿಂಹವೇ ಎದುರು ಕುಳಿತು ತನ್ನ ಕಥೆ ಹೇಳುತ್ತದೆ, ಅದೂ ಆರು ಅಧ್ಯಾಯಗಳಷ್ಟು. ಉತ್ತರ ಧ್ರುವದ ಕಡೆ ಹೊರಟ ನಾವಿಕ ವಾಲ್ಟನ್ ತನ್ನ ಅಕ್ಕನಿಗೆ ಬರೆಯುವ ಪತ್ರಗಳಲ್ಲಿ ಫ್ರಾಂಕನ್‌ಸ್ಟೈನನ ಕಥೆ, ಅದರೊಳಗೆ ಜೀವಿಯ ಕಥೆ, ಅದರೊಳಗೆ ಒಂದು ಬಡ ಕುಟುಂಬದ ಕಥೆ. ಬಾಣನ ಕಾದಂಬರಿಯನ್ನು ಬಲ್ಲವರಿಗೆ ಈ ಕಟ್ಟಡ ತೊಡಕೆನಿಸದು.

ಜೀವಿ ಮಾತು ಕಲಿತ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ವಿಕ್ಟರ್ ಫ್ರಾಂಕನ್‌ಸ್ಟೈನ್ ಎಂಟಡಿ ಎತ್ತರದ ದೇಹವನ್ನು ಕಟ್ಟಿ, ಅಂದವಾದ ಅಂಗಗಳನ್ನೇ ಆರಿಸಿ ಜೋಡಿಸಿರುತ್ತಾನೆ. ಕಣ್ಣು ತೆರೆದ ಕ್ಷಣದಲ್ಲಿ ಅದರ ವಿಕಾರ ಕಂಡು ಕೋಣೆ ಬಿಟ್ಟು ಓಡುತ್ತಾನೆ. ರಾತ್ರಿ ಜೀವಿ ಅವನ ಮಂಚದ ಬಳಿ ಬಂದು, ಪರದೆ ಸರಿಸಿ, ಅರ್ಥವಿಲ್ಲದ ಏನೋ ಸದ್ದು ಮಾಡಿ ಕೈ ಚಾಚುತ್ತದೆ. ಹಸುಗೂಸು ಮಾಡುವುದೂ ಅಷ್ಟೇ ಅಲ್ಲವೇ? ವಿಕ್ಟರ್ ಇನ್ನೊಮ್ಮೆ ಓಡಿಹೋಗುತ್ತಾನೆ. ಕಾಡು ಸೇರಿದ ಜೀವಿ ಕೊನೆಗೆ ಒಂದು ಗುಡಿಸಲಿಗೆ ಅಂಟಿದ ಕೊಟ್ಟಿಗೆಯಂಥ ಗೂಡಿನಲ್ಲಿ ಅಡಗಿಕೊಂಡು, ಗೋಡೆಯ ಬಿರುಕಿನಿಂದ ಒಳಗಿನವರನ್ನು ನೋಡತೊಡಗುತ್ತದೆ. ಕುರುಡನಾದ ಮುದುಕ ಡಿಲೇಸಿ, ಮಗ ಫೀಲಿಕ್ಸ್, ಮಗಳು ಅಗಾಥಾ. ಬಾಯಿಂದ ಹೊರಡುವ ಸದ್ದಿಗೂ ಮುಖದ ನಗು ಅಳುವಿಗೂ ಸಂಬಂಧವುಂಟೆಂದು ಅದಕ್ಕೆ ಹೊಳೆಯುತ್ತದೆ. ಮೊದಲು ಕಲಿತ ಮಾತುಗಳು ನಾಲ್ಕು: ಬೆಂಕಿ, ಹಾಲು, ರೊಟ್ಟಿ, ಸೌದೆ. ಆಮೇಲೆ ಮನೆಯವರ ಹೆಸರುಗಳು. ಒಬ್ಬಳೇ ಹುಡುಗಿ ಒಬ್ಬರಿಗೆ ತಂಗಿ, ಇನ್ನೊಬ್ಬರಿಗೆ ಮಗಳು ಹೇಗಾಗುತ್ತಾಳೆ, ಮುದುಕನಿಗೆ ಮಾತ್ರ ‘ತಂದೆ’ ಎಂಬ ಒಂದೇ ಹೆಸರೇಕೆ ಎಂದು ಯೋಚಿಸುತ್ತದೆ. ವ್ಯಾಕರಣದ ಪಾಠ ಇಲ್ಲಿಂದ ಶುರುವಾದರೆ ಎಷ್ಟು ಚೆನ್ನ! ‘ಒಳ್ಳೆಯ’, ‘ಪ್ರಿಯ’, ‘ದುಃಖಿ’ ಎಂಬಂಥ ಮಾತುಗಳು ಕಿವಿಗೆ ಪರಿಚಯವಾದರೂ ಅರ್ಥವಾಗಲು ಬಹಳ ಕಾಲ ಹಿಡಿಯುತ್ತದೆ. ಅವುಗಳನ್ನು ಬೆರಳು ಮಾಡಿ ತೋರಿಸಲಾಗುವುದಿಲ್ಲವಷ್ಟೆ.

ಆ ಮನೆಯವರ ಬಡತನ ತಿಳಿದ ಮೇಲೆ ಜೀವಿ ಅವರ ಆಹಾರ ಕದಿಯುವುದನ್ನು ಬಿಟ್ಟು, ರಾತ್ರಿಯಲ್ಲಿ ಸೌದೆ ಕಡಿದು ಬಾಗಿಲಲ್ಲಿ ಒಟ್ಟುತ್ತದೆ. ಮನೆಯವರು ಇದು ಯಾವುದೋ ಒಳ್ಳೆಯ ದೇವತೆಯ ಕೆಲಸವೆಂದು ಬೆರಗಾಗುತ್ತಾರೆ. ವಸಂತದಲ್ಲಿ ಸಾಫಿ ಎಂಬ ಪರದೇಶದ ಹುಡುಗಿ ಬಂದು ಸೇರುತ್ತಾಳೆ. ಫೀಲಿಕ್ಸ್ ಅವಳಿಗೆ ತಮ್ಮ ಭಾಷೆ ಕಲಿಸುತ್ತಿರಲು, ಗೋಡೆಯಾಚೆಯ ಜೀವಿ ಅವಳಿಗಿಂತ ಬೇಗ ಕಲಿಯುತ್ತದೆ. ಓದುವುದನ್ನೂ ಕಲಿತು, ಕಾಡಿನಲ್ಲಿ ಸಿಕ್ಕಿದ ಚರ್ಮದ ಚೀಲದಲ್ಲಿದ್ದ ಮೂರು ಗ್ರಂಥಗಳನ್ನು ಓದುತ್ತದೆ: ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’, ಪ್ಲೂಟಾರ್ಕನ ಮಹಾಪುರುಷರ ಚರಿತ್ರೆಗಳ ಒಂದು ಸಂಪುಟ, ಗಯಟೆಯ ‘ವರ್ದರ್’. ದೇವರು ಆದಾಮನನ್ನು ಸೃಷ್ಟಿಸಿ ಜೊತೆಗೆ ನಿಂತದ್ದನ್ನು ಓದಿ, ನನ್ನನ್ನು ಸೃಷ್ಟಿಸಿದವನು ಎಲ್ಲಿ ಎಂದು ಕೇಳಿಕೊಳ್ಳುತ್ತದೆ.

ಕೊನೆಗೆ ಒಂದು ದಿನ ಧೈರ್ಯ ಮಾಡಿ, ಮಿಕ್ಕವರು ಹೊರಗೆ ಹೋಗಿದ್ದಾಗ, ಕುರುಡ ಮುದುಕನ ಮುಂದೆ ಬಂದು ಕುಳಿತು ಮಾತನಾಡುತ್ತದೆ. ಮುದುಕ ಅಂಜುವುದಿಲ್ಲ. ನಿನ್ನ ಮುಖ ಕಾಣದಿದ್ದರೂ ಮಾತಿನಲ್ಲಿ ಪ್ರಾಮಾಣಿಕತೆ ತೋರುತ್ತದೆ ಎಂಬ ಅಭಿಪ್ರಾಯವನ್ನು ಹೇಳುತ್ತಾನೆ. ಬಾನುಲಿಯ ಮುಂದೆ ಕುಳಿತ ನಮ್ಮ ಸ್ಥಿತಿಯೂ ಆ ಮುದುಕನದೇ. ಮಾತನಾಡುವವರು ಕರಿಯರೋ ಬಿಳಿಯರೋ, ಕುರೂಪಿಯೋ ಸುಂದರರೋ, ಉಟ್ಟದ್ದು ಹರಕೋ ರೇಷ್ಮೆಯೋ ನಮಗೆ ತಿಳಿಯದು; ದನಿಯನ್ನೂ ಅರ್ಥವನ್ನೂ ತೂಗಿ ಒಪ್ಪುತ್ತೇವೆ ಇಲ್ಲವೆ ಬಿಡುತ್ತೇವೆ. ಕಾದಂಬರಿಯಲ್ಲಿ ಈ ಸುಖ ಕೆಲವೇ ನಿಮಿಷಗಳದು. ಕಣ್ಣುಳ್ಳವರು ಹಿಂದಿರುಗಿ ಬರುತ್ತಾರೆ, ಫೀಲಿಕ್ಸ್ ದೊಣ್ಣೆಯಿಂದ ಹೊಡೆಯುತ್ತಾನೆ. ಇಲ್ಲಿಂದ ಮುಂದೆ ಜೀವಿ ಕೆಡುತ್ತದೆ. ವಿಕ್ಟರನ ಪುಟ್ಟ ತಮ್ಮ ಸಾಯುತ್ತಾನೆ, ಆ ಕೊಲೆಯ ಆರೋಪದಲ್ಲಿ ನಿರಪರಾಧಿ ಹೆಣ್ಣೊಬ್ಬಳು ಗಲ್ಲಿಗೇರುತ್ತಾಳೆ, ಗೆಳೆಯನೂ ಮದುವೆಯ ರಾತ್ರಿಯೇ ಹೆಂಡತಿಯೂ ಹತರಾಗುತ್ತಾರೆ. ಲೇಖಕಿ ಇದನ್ನು ಮುಚ್ಚಿಡುವುದಿಲ್ಲ, ಕ್ಷಮಿಸುವುದೂ ಇಲ್ಲ. ಮಾತು ಬಲ್ಲವನಾದ್ದರಿಂದ ಮಾಡಿದ್ದರ ಹೊಣೆಯೂ ಅವನದೇ. ಆದರೆ ಏಕೆ ಹೀಗಾದೆನೆಂದು ಹೇಳುವ ಹಕ್ಕನ್ನು ಮಾತ್ರ ಅವನಿಂದ ಕಸಿದುಕೊಳ್ಳುವುದಿಲ್ಲ.

ಕಸಿದುಕೊಂಡದ್ದು ರಂಗಭೂಮಿ. ೧೮೨೩ರಲ್ಲಿ ಪೀಕ್ ಎಂಬಾತ ಈ ಕಥೆಯನ್ನು ಲಂಡನ್ನಿನಲ್ಲಿ ನಾಟಕವಾಡಿಸಿದಾಗ, ಆ ಬಗೆಯ ನಾಟಕಗಳಲ್ಲಿ ಮೂಕಪಾತ್ರದ ರೂಢಿ ಇದ್ದುದರಿಂದ, ಜೀವಿ ಮಾತಿಲ್ಲದೆ ಬರಿಯ ಅಭಿನಯ ಮಾಡಿತು. ಪಾತ್ರವರ್ಗದ ಪಟ್ಟಿಯಲ್ಲಿ ಅದರ ಹೆಸರಿನ ಜಾಗದಲ್ಲಿ ಒಂದು ಗೀಟು ಎಳೆದಿದ್ದರು. ನಾಟಕ ನೋಡಲು ಹೋಗಿದ್ದ ಮೇರಿಗೆ ಆ ಗೀಟು ಹಿಡಿಸಿತಂತೆ. ನೂರೆಂಟು ವರ್ಷಗಳ ತರುವಾಯ ಯೂನಿವರ್ಸಲ್ ಚಿತ್ರದ ಆರಂಭದ ಪಟ್ಟಿಯಲ್ಲಿಯೂ ನಟನ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆ ಇದೆ. ಗೀಟಿನ ಜೊತೆಗೆ ಮೌನವೂ ಆನುವಂಶಿಕವಾಗಿ ಬಂದಿತು.

ವಿಚಿತ್ರವೆಂದರೆ, ಚಿತ್ರಗಳಿಗೆ ಮಾತು ಬಂದ ಹೊಸತು ಅದು. ನಮ್ಮ ದೇಶದಲ್ಲಿ ‘ಆಲಂ ಆರಾ’ ಮಾತನಾಡಿದ್ದು ಅದೇ ೧೯೩೧ರಲ್ಲಿ. ಕನ್ನಡದ ‘ಸತಿ ಸುಲೋಚನ’ ಬಂದದ್ದು ೧೯೩೪ರಲ್ಲಿ. ಎಲ್ಲರೂ ತೆರೆಯ ಮೇಲೆ ಬಾಯಿ ಬಿಡಲು ಹಾತೊರೆಯುತ್ತಿದ್ದಾಗ ನಿರ್ದೇಶಕ ಜೇಮ್ಸ್ ವೇಲ್ ತನ್ನ ಮುಖ್ಯ ಪಾತ್ರದ ಬಾಯಿ ಕಟ್ಟಿದನು. ಎಪ್ಪತ್ತು ನಿಮಿಷದ ಚಿತ್ರದಲ್ಲಿ, ಹೆಸರುಗಳ ಪಟ್ಟಿ ಬರುವಾಗಿನ ವಾದ್ಯವನ್ನು ಬಿಟ್ಟರೆ, ಹಿನ್ನೆಲೆ ಸಂಗೀತವೂ ಇಲ್ಲವೆನ್ನಬೇಕು. ಗುಡುಗು, ಯಂತ್ರಗಳ ಚಟಪಟ, ನಾಯಿಗಳ ಬೊಗಳು, ಜೀವಿಯ ನರಳು, ಇವೇ ಸಂಗೀತ. ಬಿರುಗಾಳಿಯ ರಾತ್ರಿಯಲ್ಲಿ ಹೆಣವನ್ನು ಮಾಳಿಗೆಯ ಮೇಲಕ್ಕೆತ್ತಿ ಸಿಡಿಲಿನಿಂದ ಜೀವ ತುಂಬುವ ಪ್ರಸಿದ್ಧ ದೃಶ್ಯ ಪೂರ್ಣವಾಗಿ ಚಿತ್ರದ ಸೃಷ್ಟಿ. ಪುಸ್ತಕದಲ್ಲಿ ನವೆಂಬರ್ ತಿಂಗಳ ಮಳೆ, ಉರಿದು ಮುಗಿಯುತ್ತ ಬಂದ ಮೇಣದ ಬತ್ತಿ, ಇಷ್ಟೆ. ಜೀವ ಬಂದಾಗ ವಿಜ್ಞಾನಿ ಉನ್ಮಾದದಲ್ಲಿ ತನ್ನನ್ನು ದೇವರಿಗೆ ಹೋಲಿಸಿಕೊಂಡು ಆಡುವ ಮಾತನ್ನು ಮರುಬಿಡುಗಡೆಯ ವೇಳೆಗೆ ಗುಡುಗಿನ ಸದ್ದಿನಲ್ಲಿ ಮುಚ್ಚಿಬಿಟ್ಟರು. ಮಾತು ಕಳೆದುಕೊಳ್ಳುವ ಸರದಿ ಮಾಡಿದವನಿಗೂ ಬಂತು!

ಮಾತು ತೆಗೆದ ಜಾಗದಲ್ಲಿ ಚಿತ್ರ ಇನ್ನೊಂದನ್ನು ತಂದಿಟ್ಟಿತು. ವಿಜ್ಞಾನಿಯ ಸಹಾಯಕ ಫ್ರಿಟ್ಸ್ ವೈದ್ಯ ಕಾಲೇಜಿನಿಂದ ಮೆದುಳು ಕದಿಯಲು ಹೋಗುತ್ತಾನೆ. ಒಳ್ಳೆಯ ಮೆದುಳಿನ ಜಾಡಿ ಕೈಜಾರಿ ಒಡೆಯುತ್ತದೆ. ಅವನು ಅಪರಾಧಿಯ ಮೆದುಳಿರುವ ಜಾಡಿಯನ್ನು ತರುತ್ತಾನೆ. ಆಮೇಲಿನದೆಲ್ಲ ಆ ಜಾಡಿಯ ಫಲ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಗೆ ಇದಕ್ಕಿಂತ ಕರಾರುವಾಕ್ಕಾದ ಉದಾಹರಣೆ ಸಿಕ್ಕದು. ಚಿತ್ರದಲ್ಲಿ ನಾನು ಒಪ್ಪದ ಸಂಗತಿಯೂ ಇದೇ. ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಉಪಾಧ್ಯಾಯರ ಕೊಠಡಿಯಲ್ಲಿ ಯಾವನಾದರೊಬ್ಬ ಹುಡುಗನ ವಿಷಯದಲ್ಲಿ ‘ಅವನ ತಲೆಯೇ ಅಷ್ಟು ಸ್ವಾಮಿ’ ಎಂಬ ಮಾತು ಕೇಳಿಬರುತ್ತದೆ. ಹಿಂದಿನ ಬೆಂಚಿನಲ್ಲಿ ಕೂತ ಆ ಹುಡುಗನಿಗೆ ತನ್ನ ಕಡೆಯ ಸಂಗತಿ ಹೇಳಲು ಮಾತು ಒದಗುವುದಿಲ್ಲ. ಹೇಳಲಾರದವನ ಮೇಲೆ ಜಾಡಿಯ ಚೀಟಿ ಅಂಟಿಸುವುದು ಸುಲಭ. ಮೇರಿಯ ಜೀವಿಗೆ ಈ ಚೀಟಿ ಅಂಟುತ್ತಿರಲಿಲ್ಲ, ಏಕೆಂದರೆ ಅದು ಎದುರುತ್ತರ ಕೊಡುತ್ತಿತ್ತು.

ಆದರೂ ಚಿತ್ರ ಉಳಿದುಕೊಂಡಿದೆ, ಮತ್ತು ಉಳಿಯತಕ್ಕದ್ದೇ. ಅದಕ್ಕೆ ಕಾರಣ ಬೋರಿಸ್ ಕಾರ್ಲಾಫ್ ಎಂಬ ನಟ. ಲಂಡನ್ನಿನಲ್ಲಿ ೧೮೮೭ರಲ್ಲಿ ಹುಟ್ಟಿದ ಈತನ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ತಂದೆ ಭಾರತದಲ್ಲಿ ಬ್ರಿಟಿಷ್ ಸರ್ಕಾರದ ಉಪ್ಪಿನ ಸುಂಕದ ಇಲಾಖೆಯಲ್ಲಿದ್ದವನು. ಲಾರಿ ಹೊಡೆದು, ಮೂಟೆ ಹೊತ್ತು, ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದ ಕಾರ್ಲಾಫನಿಗೆ ನಲವತ್ತಮೂರನೆಯ ವಯಸ್ಸಿನಲ್ಲಿ ಈ ಪಾತ್ರ ಸಿಕ್ಕಿತು. ಬಣ್ಣಗಾರ ಜ್ಯಾಕ್ ಪಿಯರ್ಸ್, ತಲೆಬುರುಡೆಯನ್ನು ಮಡಕೆಯ ಮುಚ್ಚಳದಂತೆ ಕತ್ತರಿಸಿ ಮೆದುಳಿಟ್ಟರೆ ಹೇಗಿದ್ದೀತು ಎಂದು ಲೆಕ್ಕ ಹಾಕಿ ಚಪ್ಪಟೆ ತಲೆಯನ್ನು ಕಟ್ಟಿದನು. ಕತ್ತಿನ ಗೂಟಗಳು ವಿದ್ಯುತ್ತು ಒಳಹೊಗುವ ದ್ವಾರಗಳು. ಕಾರ್ಲಾಫ್ ತನ್ನ ಬಾಯಿಯ ಕಟ್ಟುಹಲ್ಲನ್ನು ತೆಗೆದು ಕೆನ್ನೆ ಗುಳಿ ಬೀಳುವಂತೆ ಮಾಡಿಕೊಂಡನು. ಇಷ್ಟೆಲ್ಲ ಬಣ್ಣದ ಕೆಳಗಿನಿಂದ ಆತ ಕಣ್ಣಿನಲ್ಲೂ ಕೈಯಲ್ಲೂ ಮಾಡಿದ್ದನ್ನು ನೋಡಬೇಕು. ಕತ್ತಲಲ್ಲಿ ಇಟ್ಟಿದ್ದ ಜೀವಿಯ ಮೇಲೆ ಮೊದಲ ಬಾರಿಗೆ ಮಾಳಿಗೆಯ ಕಿಂಡಿಯಿಂದ ಬೆಳಕು ಬೀಳುತ್ತದೆ. ಅವನು ಮೆಲ್ಲನೆ ತಲೆಯೆತ್ತಿ, ಎದ್ದು, ಎರಡು ಕೈಗಳನ್ನೂ ಮೇಲೆ ಚಾಚಿ ಬೆಳಕನ್ನು ಹಿಡಿಯಲು ಹೋಗುತ್ತಾನೆ. ಕಿಂಡಿ ಮುಚ್ಚುತ್ತದೆ. ಬರಿದಾದ ಕೈಗಳನ್ನು ಒಡೆಯನ ಕಡೆಗೆ ಚಾಚಿಯೇ ಇರುತ್ತಾನೆ. ಕಾದಂಬರಿಯಲ್ಲಿ ಮಂಚದ ಬಳಿ ಚಾಚಿದ ಕೈಯೇ ಇದು. ಕಥೆ ಬರೆದವರು ತೆಗೆದುಹಾಕಿದ್ದ ಮಾತನ್ನು ನಟ ಅಭಿನಯದಿಂದ ಕದ್ದು ತಂದನೆನ್ನಬಹುದು.

ಇನ್ನೊಂದೆಡೆ ಚಿತ್ರ ಮೂಲವನ್ನೇ ಮೀರಿಸಿದೆ. ಕಾದಂಬರಿಯಲ್ಲಿ, ಮಕ್ಕಳಿಗಾದರೂ ನನ್ನ ಮೇಲೆ ಅಸಹ್ಯವಿರದು ಎಂದು ಜೀವಿ ನಂಬಿ ಹತ್ತಿರ ಹೋದರೆ, ಹುಡುಗ ಕಿರುಚಿ ಬಯ್ಯುತ್ತಾನೆ. ಚಿತ್ರದಲ್ಲಿ ಕೆರೆಯ ದಂಡೆಯಲ್ಲಿ ಆಡುತ್ತಿದ್ದ ಮರಿಯಾ ಎಂಬ ಹುಡುಗಿ ಅವನ ಕೈ ಹಿಡಿದು ಕೂರಿಸಿಕೊಂಡು ಹೂ ಕೊಡುತ್ತಾಳೆ. ಇಬ್ಬರೂ ಒಂದೊಂದೇ ಹೂವನ್ನು ನೀರಿಗೆಸೆದು ತೇಲುವುದನ್ನು ನೋಡುತ್ತಾರೆ. ಅವನು ನಗುತ್ತಾನೆ. ಹೂ ಮುಗಿದಾಗ, ಅವಳೂ ತೇಲುವಳೆಂದು ಭಾವಿಸಿ ಎತ್ತಿ ನೀರಿಗೆ ಬಿಡುತ್ತಾನೆ. ಮುಳುಗಿದ ಮೇಲೆ ಆತನ ತಳಮಳವನ್ನು ನೋಡಿದವರು ಜಾಡಿಯ ಮೆದುಳನ್ನು ಮರೆಯುತ್ತಾರೆ. ಅಮೆರಿಕದ ಹಲವು ರಾಜ್ಯಗಳ ಸೆನ್ಸಾರಿನವರು ಎತ್ತಿ ಎಸೆಯುವ ಭಾಗವನ್ನು ಕತ್ತರಿಸಿದರು. ಉಳಿದದ್ದು, ಅವನು ಹುಡುಗಿಯ ಕಡೆಗೆ ಕೈ ನೀಡುವುದು, ಮತ್ತು ಆಮೇಲೆ ತಂದೆ ಹೆಣ ಹೊತ್ತು ಬರುವುದು. ನಡುವೆ ಏನಾಯಿತೆಂದು ಊಹಿಸಲು ಹೋದ ಪ್ರೇಕ್ಷಕರ ಮನಸ್ಸಿನಲ್ಲಿ ನಿಜಕ್ಕಿಂತ ಹೇಯವಾದುದು ಮೂಡಿತು. ಕತ್ತರಿಸಿದ ತುಂಡು ಚಿತ್ರಕ್ಕೆ ಮರಳಿ ಸೇರಿದ್ದು ೧೯೮೦ರ ದಶಕದಲ್ಲಿ.

ವೇಲ್ ೧೯೩೫ರಲ್ಲಿ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ ಎಂಬ ಎರಡನೆಯ ಚಿತ್ರ ಮಾಡಿದಾಗ ಕುರುಡ ಮುದುಕನನ್ನು ಮರಳಿ ಕರೆತಂದನು. ಕಾಡಿನ ಸಂನ್ಯಾಸಿಯೊಬ್ಬ ಜೀವಿಗೆ ರೊಟ್ಟಿ ಕೊಟ್ಟು ‘ರೊಟ್ಟಿ’ ಎನ್ನಲು ಕಲಿಸುತ್ತಾನೆ. ‘ಒಳ್ಳೆಯದು’, ‘ಗೆಳೆಯ’ ಎಂಬ ಮಾತುಗಳೂ ಬರುತ್ತವೆ. ಜೀವಿ ಮಾತನಾಡುವುದು ಕಾರ್ಲಾಫನಿಗೆ ಇಷ್ಟವಿರಲಿಲ್ಲ. ನೋಡುವ ನನಗಾದರೋ ಆ ಕೆಲವು ತೊದಲು ಮಾತುಗಳೇ ಎರಡೂ ಚಿತ್ರಗಳ ಮುಕುಟವೆನಿಸಿವೆ. ಈ ಚಿತ್ರದ ಮೊದಲಲ್ಲಿ ಮೇರಿ ಷೆಲ್ಲಿಯ ಪಾತ್ರವೂ ಬರುತ್ತದೆ. ಅದನ್ನೂ ಕೊನೆಯ ಹೆಣ್ಣು ಜೀವಿಯನ್ನೂ ಎಲ್ಸಾ ಲ್ಯಾಂಚೆಸ್ಟರ್ ಎಂಬ ನಟಿಯೊಬ್ಬಳೇ ಅಭಿನಯಿಸಿದ್ದಾಳೆ. ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆಯವರು ೧೯೫೭ರಲ್ಲಿ ವರ್ಣಚಿತ್ರವಾಗಿ ತಂದಾಗ ಜೀವಿ ಮತ್ತೆ ಮೂಕ. ೧೯೯೪ರ ಕೆನೆತ್ ಬ್ರಾನಾನ ಚಿತ್ರದಲ್ಲಿ ಪೂರ್ತಿ ಮಾತು ಬಂದಿದೆ, ಆದರೆ ಅಬ್ಬರವೇ ಹೆಚ್ಚು. ೨೦೨೫ರಲ್ಲಿ ಮೆಕ್ಸಿಕೋದ ನಿರ್ದೇಶಕ ಗಿಯೆರ್ಮೊ ದೆಲ್ ತೋರೊ ಮಾಡಿದ ಚಿತ್ರ ಮೊದಲು ವಿಕ್ಟರನ ಕಥೆ, ಬಳಿಕ ಜೀವಿಯ ಕಥೆ ಎಂದು ಭಾಗ ಮಾಡಿಕೊಂಡು, ಜೀವಿಯ ಪಾಲಿನದನ್ನು ಜೀವಿಯಿಂದಲೇ ಹೇಳಿಸಿದೆ. ಆಸಕ್ತಿಯುಳ್ಳವರು ೧೯೩೧ರದನ್ನೂ ಇದನ್ನೂ ಒಂದರ ಬೆನ್ನಿಗೊಂದು ನೋಡಬಹುದು. ಎರಡರ ನಡುವೆ ಮೂಲದ ಆ ಆರು ಅಧ್ಯಾಯಗಳನ್ನು ಓದಿಕೊಂಡರೆ ಇನ್ನೂ ಮೇಲು.

ಕಾದಂಬರಿ ಮತ್ತು ಮೊದಲ ಚಿತ್ರ ಎರಡೂ ಮುಗಿಯುವ ರೀತಿಯನ್ನು ಹೇಳುವುದೊಂದು ಬಾಕಿಯಿದೆ. ಕಾದಂಬರಿಯಲ್ಲಿ ಹಡಗು ಹಿಮದ ನಡುವೆ ನಿಂತಿದೆ. ಸಾಯುವ ಮೊದಲು ವಿಕ್ಟರ್ ನಾವಿಕನಿಗೆ, ಅವನು ಮಾತುಗಾರ, ಅವನ ಮಾತಿಗೆ ಮರುಳಾಗಬೇಡ ಎಂದು ಎಚ್ಚರಿಸಿರುತ್ತಾನೆ. ವಿಕ್ಟರ್ ಸತ್ತ ರಾತ್ರಿ ನಾವಿಕ ಕೋಣೆಗೆ ಬಂದರೆ, ಜೀವಿ ಹೆಣದ ಮೇಲೆ ಬಾಗಿ ನಿಂತು ಕ್ಷಮೆ ಕೇಳುತ್ತಿರುತ್ತದೆ. ತನ್ನ ಕೊನೆಯ ಮಾತುಗಳನ್ನು ಹೇಳಿ ಕಿಟಕಿಯಿಂದ ಹಿಮದ ತುಂಡೊಂದರ ಮೇಲೆ ಧುಮುಕುತ್ತದೆ. ಅಲೆ ಕತ್ತಲೆಯೊಳಕ್ಕೆ ಒಯ್ಯುತ್ತದೆ. ಚಿತ್ರದಲ್ಲಿ ಊರಿನವರು ಪಂಜು ಹಿಡಿದು ಅಟ್ಟಿಸಿಕೊಂಡು ಹೋಗಿ, ಜೀವಿ ಅಡಗಿದ ಗಾಳಿಗಿರಣಿಗೆ ಬೆಂಕಿ ಹಚ್ಚುತ್ತಾರೆ. ಗಿರಣಿ ಉರಿದು ಬಿದ್ದೊಡನೆ ದೃಶ್ಯ ಬದಲಾಗುತ್ತದೆ. ವಿಜ್ಞಾನಿ ಬದುಕಿ ಮನೆ ಸೇರಿದ್ದಾನೆ, ಹೆಂಡತಿಯಾಗುವವಳು ಹಾಸಿಗೆಯ ಬಳಿ ಕುಳಿತಿದ್ದಾಳೆ. ಹೊರಗೆ ಅವನ ತಂದೆ, ಮುದುಕ ಜಮೀನ್ದಾರ, ದಾಸಿಯರು ತಂದ ದ್ರಾಕ್ಷಾರಸದ ಬಟ್ಟಲೆತ್ತಿ, ಫ್ರಾಂಕನ್‌ಸ್ಟೈನ್ ಮನೆತನದಲ್ಲಿ ಒಬ್ಬ ಮಗ ಹುಟ್ಟಲಿ ಎಂದು ಹರಸಿ ಕುಡಿಯುತ್ತಾನೆ.